ಕೊಟ್ಟಿಗೆಯ ದೀಪ, ಆಡಿನ ಹಾಲು

ರೈತ ಬಾಂಧವರೆ, ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಾಡಂಚಿನ ಮನೆಗಳಲ್ಲಿ ಆಡಿನ ಕೊಟ್ಟಿಗೆಯೊಳಗೆ ಬೆಳಗಿನ ತನಕ ಒಂದು ಬಲ್ಬು ಉರಿಯುತ್ತಿರುತ್ತದೆ. ಚಿರತೆಯ ಭಯ. ಭಯ ಸುಳ್ಳೇನಲ್ಲ. ಆದರೆ ಹಾಲಿಗೆಂದು ಆಡು ಸಾಕಿದವರು ಆ ಬಲ್ಬಿನ ಬಗ್ಗೆ ಇನ್ನೊಮ್ಮೆ ಯೋಚಿಸಬೇಕು. ತಳಿ, ಮೇವು, ಮರಿ ಹಾಕಿ ಎಷ್ಟು ದಿನವಾಯಿತು ಎಂಬುದರ ಜೊತೆಗೆ, ದಿನಕ್ಕೆ ಎಷ್ಟು ಹೊತ್ತು ಬೆಳಕು ಕಣ್ಣಿಗೆ ಬಿತ್ತು ಎಂಬುದಕ್ಕೂ ಹಾಲಿನಲ್ಲಿ ಪಾಲಿದೆ.

ಕತ್ತಲಾದ ಮೇಲೆ ಆಡಿನ ಮಿದುಳಿನಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಅದು ನಿಲ್ಲುತ್ತದೆ. ರಾತ್ರಿ ಉದ್ದವೋ ಗಿಡ್ಡವೋ ಎಂದು ಮೈ ತಿಳಿದುಕೊಳ್ಳುವುದು ಹೀಗೆ. ಹಗಲು ಉದ್ದವಾದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಕೆಚ್ಚಲು ಹೆಚ್ಚು ಕೆಲಸ ಮಾಡುತ್ತದೆ. 16 ಗಂಟೆ ಬೆಳಕು, 8 ಗಂಟೆ ಕತ್ತಲು ಕೊಟ್ಟರೆ ಹಸುವಿನ ಹಾಲು ಶೇಕಡಾ 10ರ ಆಸುಪಾಸು ಹೆಚ್ಚುತ್ತದೆಂದು ಅಮೆರಿಕದಲ್ಲಿ 1978ರಲ್ಲೇ ತೋರಿಸಿದ್ದರು. ಆಮೇಲೆ ಮೆಕ್ಸಿಕೋದ ಆಡುಗಳಲ್ಲೂ ಉದ್ದ ಹಗಲಿಗೆ ಹಾಲು ಏರಿದ್ದು ಕಂಡುಬಂತು.

ಹಾಗಂತ ಇವತ್ತೇ ಪೇಟೆಗೆ ಹೋಗಿ ಟ್ಯೂಬ್‌ಲೈಟು ತರಬೇಡಿ. ನೆದರ್ಲೆಂಡ್ಸ್‌ನಲ್ಲಿ ಡಿಸೆಂಬರಿನ ಹಗಲು 8 ಗಂಟೆಯೂ ತುಂಬುವುದಿಲ್ಲ, ಜೂನಿನಲ್ಲಿ 16 ದಾಟುತ್ತದೆ. ನಮ್ಮ ಶಿವಮೊಗ್ಗದಲ್ಲಿ ಅತಿ ಗಿಡ್ಡ ಹಗಲೆಂದರೂ 11 ಗಂಟೆ 20 ನಿಮಿಷದಷ್ಟು, ಅತಿ ಉದ್ದದ್ದು 13 ಗಂಟೆಯ ಹತ್ತಿರ. ಅದಕ್ಕೇ ಯುರೋಪಿನ ಸಾನೆನ್ ಆಡು ಹಗಲು ಗಿಡ್ಡವಾಗುವ ಕಾಲ ನೋಡಿಕೊಂಡು ಬೆದೆಗೆ ಬಂದರೆ, ನಮ್ಮ ನಾಟಿ ಆಡಿಗೆ ಅಂಥ ಕಟ್ಟುನಿಟ್ಟಿಲ್ಲ. ಸೊಪ್ಪು ಚೆನ್ನಾಗಿ ಸಿಕ್ಕರೆ ಯಾವ ತಿಂಗಳಾದರೂ ಸರಿ. ದಿನಕ್ಕೆ ಅರ್ಧ ಲೀಟರು ಕರೆಯುವ ಆಡಿಗೆ ದೀಪ ಹಾಕಿ ಸಿಗುವುದು 50 ಮಿಲಿಲೀಟರು, ಒಂದು ಚಹಾಕ್ಕೆ ಸಾಕು. ಎರಡು ಲೀಟರು ಕೊಡುವ ಹತ್ತು ಆಡು ಇದ್ದವರ ಲೆಕ್ಕವೇ ಬೇರೆ.

ನಮ್ಮಲ್ಲಿ ನಿಜವಾಗಿ ಬೆಳಕಿಗೆ ಬರ ಬರುವುದು ಮಳೆಗಾಲದಲ್ಲಿ. ಪಂಚಾಂಗದಲ್ಲಿ ಜೂನಿನ ಹಗಲು ಉದ್ದವೇ, ಯಾರು ಇಲ್ಲ ಅಂದರು? ಆಗುಂಬೆಯವರನ್ನು ಕೇಳಿ ನೋಡಿ. ಮಳೆ ಹಿಡಿದರೆ ಆಡು ಹೊರಗೆ ಕಾಲಿಡುವುದಿಲ್ಲ. ಇರಿಚಲು ಹೊಡೆಯಬಾರದೆಂದು ನಾವೇ ಸುತ್ತಲೂ ಸೋಗೆ ತಟ್ಟಿ ಕಟ್ಟಿರುತ್ತೇವೆ. ಮಾಡು ತಗ್ಗು. ಮಟಮಟ ಮಧ್ಯಾಹ್ನವೂ ಒಳಗೆ ಹೋಗಿ ಮರಿಯ ಕಾಲಿನ ಗಾಯ ನೋಡಬೇಕಾದರೆ ಮೊಬೈಲಿನ ಟಾರ್ಚು ಬೇಕು. ಇಂಥ ಕೊಟ್ಟಿಗೆಗೆ ಮೊದಲು ಬೇಕಾದ್ದು ಗಾಜಿನ ಹೆಂಚು. ಮಾಡಿನ ಎರಡೂ ಕಡೆ ಎರಡೆರಡು ಹಾಕಿಸಿ, ವರ್ಷಕ್ಕೊಮ್ಮೆ ಪಾಚಿ ಉಜ್ಜಿ ತೆಗೆಯಿರಿ. ಹಗಲಿನ ಬೆಳಕಿಗೆ ಬಿಲ್ಲು ಬರುವುದಿಲ್ಲ.

ಇನ್ನು ದೀಪ. ಡಿಸೆಂಬರಿನಲ್ಲಿ ಇಲ್ಲಿ ಹೊತ್ತು ಮೂಡುವುದು ಆರೂಮುಕ್ಕಾಲರ ಸುಮಾರಿಗೆ, ಮುಳುಗುವುದು ಆರರ ಹೊತ್ತಿಗೆ. ಬೆಳಗ್ಗೆ 5ಕ್ಕೆ ಹಾಕಿ ಬೆಳಕು ಹರಿದ ಮೇಲೆ ಆರಿಸಿ. ಸಂಜೆ ಕತ್ತಲಾಗುವ ಮುಂಚೆ ಹಾಕಿ ರಾತ್ರಿ 9ಕ್ಕೆ ಆರಿಸಿ. ಅಲ್ಲಿಗೆ 16 ಗಂಟೆ ಆಯಿತು. ಮಿಣುಕು ದೀಪ ಸಾಲದು. ಆಡಿನ ಕಣ್ಣಿನ ಮಟ್ಟದಲ್ಲಿ 150ರಿಂದ 200 ಲಕ್ಸ್ ಬೇಕು, ಅಂದರೆ ಅಲ್ಲಿ ಕೂತು ಪತ್ರಿಕೆ ಸಲೀಸಾಗಿ ಓದಲು ಬರಬೇಕು. ಹತ್ತಡಿಗೆ ಹತ್ತಡಿಯ ಜಾಗಕ್ಕೆ 20 ವಾಟಿನ ಎರಡು ಎಲ್‌ಇಡಿ ಟ್ಯೂಬು ಹಾಕಿದರೆ ತಿಂಗಳಿಗೆ ಸುಮಾರು 6 ಯುನಿಟ್ಟು. ಟೈಮರ್ ಇಟ್ಟುಬಿಡಿ, ನೆನಪಾದ ದಿನ ಹಾಕಿ ಮರೆತ ದಿನ ಬಿಡುವ ಕೆಲಸವಲ್ಲ ಇದು. ಫಲ ಕಾಣಲು ಮೂರು ನಾಲ್ಕು ವಾರ ಬೇಕು. ಹಾಲು ಏರಿದಂತೆ ಆಡು ಹೆಚ್ಚು ತಿನ್ನುತ್ತದೆ, ಹಲಸಿನ ಸೊಪ್ಪಿನ ಜೊತೆ ಹಿಂಡಿಯನ್ನೂ ಹೆಚ್ಚಿಸಿ. ಹೊಟ್ಟೆಗೆ ಹಾಕದೆ ಬರೀ ದೀಪ ಹಾಕಿದರೆ ಆಡು ಬಡವಾಗುತ್ತದೆ, ಅಷ್ಟೇ.

ಈಗ ಆ ಚಿರತೆ ಬಲ್ಬಿಗೆ ಬರೋಣ. 16 ಗಂಟೆಯೇ ಒಳ್ಳೆಯದಾದರೆ 24 ಗಂಟೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ರಾತ್ರಿ ಎಂಬುದೇ ಇಲ್ಲದಿದ್ದರೆ ಹಗಲು ಉದ್ದವಾಯಿತು ಎಂದು ಮೈಗೆ ಗೊತ್ತಾಗುವುದು ಹೇಗೆ? ಆರರಿಂದ ಎಂಟು ಗಂಟೆ ಎಡೆಬಿಡದ ಕತ್ತಲು ಬೇಕೇ ಬೇಕು. ಆಡಿನ ಮೈ ಎಷ್ಟು ಸೂಕ್ಷ್ಮವೆಂದರೆ, ಬೆಳಗಾಗಿ 16 ಗಂಟೆಯ ನಂತರ ಕತ್ತಲ ನಡುವೆ ಒಂದು ಗಂಟೆ ಬೆಳಕು ಕೊಟ್ಟರೂ ಅದು ಉದ್ದ ಹಗಲೆಂದೇ ಎಣಿಸುತ್ತದೆ. ಫ್ರಾನ್ಸಿನಲ್ಲಿ ಆಡು ಸಾಕುವವರು ಈ ಉಪಾಯ ಬಳಸುತ್ತಾರೆ. ಆದ್ದರಿಂದ ಚಿರತೆಗೆ ಹಾಕುವ ಬಲ್ಬನ್ನು ಕೊಟ್ಟಿಗೆಯ ಹೊರಗೆ, ಅಂಗಳದತ್ತ ಮುಖ ಮಾಡಿ ಕಟ್ಟಿ. ಒಳಗೆ ಆಡನ್ನು ಕಾಯಬೇಕಾದ್ದು ಗಟ್ಟಿ ಬಾಗಿಲು, ಕಬ್ಬಿಣದ ಜಾಲರಿ. ನಡುರಾತ್ರಿ ಆಡು ಈಯುವಾಗ ನೋಡಬೇಕಾದರೆ ಮಂದವಾದ ಕೆಂಪು ದೀಪ ಸಾಕು.

ಹಾಲು ಬತ್ತಿಸಿದ ಗಬ್ಬದ ಆಡಿಗೆ ಮಾತ್ರ ಈ ದೀಪ ಬೇಡ. ಈಯುವ ಮುಂಚಿನ ಎರಡು ತಿಂಗಳು ಗಿಡ್ಡ ಹಗಲಿನಲ್ಲಿದ್ದ ಆಡು ಈದ ಮೇಲೆ ಹೆಚ್ಚು ಹಾಲು ಕೊಡುತ್ತದೆ. ಬೇರೆ ಕೊಟ್ಟಿಗೆ ಇಲ್ಲದವರು ಒಂದು ಮೂಲೆಗೆ ಗೋಣಿತಾಟಿನ ಪರದೆ ಎರಡು ಪದರ ಇಳಿಬಿಟ್ಟು, ಗಾಳಿಯಾಡಲು ಕೆಳಗೆ ಒಂದಡಿ ಬಿಟ್ಟು, ಗಬ್ಬದವನ್ನು ಆ ಕಡೆ ಕಟ್ಟಿದರೆ ಆಯಿತು. ನಮಸ್ಕಾರ.