ಖಳನು ರಂಗಕ್ಕೆ ಬರುವ ದಾರಿ

ಒಂದು ಕತೆ ತನ್ನ ಖಳನನ್ನು ಹೇಗೆ ರಂಗಕ್ಕೆ ಕರೆತರುತ್ತದೆ ಎಂಬುದನ್ನು ನೋಡಿದರೆ ಆ ಕತೆಯನ್ನು ಕಟ್ಟಿದವರ ಎದೆಗಾರಿಕೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಸಿನಿಮಾ, ಧಾರಾವಾಹಿ, ಕಾಮಿಕ್ಸ್ ಎಲ್ಲವನ್ನೂ ನಾನು ಮೊದಲು ಇದೇ ಅಳತೆಗೋಲಿನಿಂದ ನೋಡುತ್ತೇನೆ. ಕಾಸರಗೋಡಿನ ಬಯಲುಗಳಲ್ಲಿ ತೆಂಕುತಿಟ್ಟಿನ, ಎಂದರೆ ಯಕ್ಷಗಾನದ ತೆಂಕಣ ಶೈಲಿಯ, ಆಟ ನೋಡುತ್ತ ಬೆಳೆದವರಿಗೆ ಈ ಅಳತೆಗೋಲು ಚಿಕ್ಕಂದಿನಲ್ಲೇ ಕೈಗೆ ಬಂದಿರುತ್ತದೆ, ಏಕೆಂದರೆ ನಮ್ಮ ರಂಗಸ್ಥಳವು ತನ್ನ ಅತಿ ದೊಡ್ಡ ಕಿರೀಟವನ್ನೂ ಅತಿ ವೈಭವದ ಪ್ರವೇಶವನ್ನೂ ರಾಕ್ಷಸನಿಗಾಗಿ ಮೀಸಲಿಟ್ಟಿದೆ.

ಈ ವ್ಲಾಗ್‌ನಲ್ಲಿ ಈಗ ನೀವು ನೋಡುತ್ತಿರುವುದು ಬದಿಯಡ್ಕದ ಕಡೆಯ ಒಂದು ಬಯಲಾಟದ ಚೌಕಿ, ಎಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ. ಕಲಾವಿದರ ಅನುಮತಿ ಪಡೆದು ಈ ದೃಶ್ಯಗಳನ್ನು ಸೆರೆಹಿಡಿದಿದ್ದೇನೆ. ಚಾಪೆಯ ಮೇಲೆ ಕುಳಿತು, ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಅವರು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುತ್ತಿದ್ದಾರೆ. ಕೆಂಪು, ಕಪ್ಪು, ಬಿಳಿ ಗೆರೆಗಳು ಮುಗಿದ ಮೇಲೆ ಚುಟ್ಟಿ ಇಡುವ ಕೆಲಸ ಆರಂಭವಾಗುತ್ತದೆ. ಅಕ್ಕಿಹಿಟ್ಟು ಮತ್ತು ಸುಣ್ಣ ಬೆರೆಸಿದ ಬಿಳಿಯ ಹದವನ್ನು ತೆಳ್ಳಗಿನ ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಅಂಚಿನಲ್ಲಿ ಒಂದೊಂದೇ ಮುಳ್ಳಿನಂತೆ ಎಬ್ಬಿಸುತ್ತಾರೆ. ಒಂದು ಸಾಲು ಒಣಗಿ ಗಟ್ಟಿಯಾದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಏಳುತ್ತದೆ. ಆ ಹೊತ್ತಿನಲ್ಲಿ ಅವರು ನಗುವಂತಿಲ್ಲ, ಮಾತನಾಡುವಂತಿಲ್ಲ, ಏಕೆಂದರೆ ಚರ್ಮ ಸ್ವಲ್ಪ ಮಡಿಸಿದರೂ ಸಾಲು ಬಿರುಕು ಬಿಡುತ್ತದೆ. ಗಂಟೆಗಟ್ಟಲೆ ನಡೆಯುವ ಈ ಕೆಲಸ ಮುಗಿಯುವಾಗ ಮನುಷ್ಯನ ಮುಖ ಮರೆಯಾಗಿ, ದೂರದ ಗದ್ದೆಯ ಬದುವಿನಲ್ಲಿ ನಿಂತವರಿಗೂ ಓದಲು ಬರುವಂಥ ಒಂದು ಚಿತ್ರ ಮೂಡಿರುತ್ತದೆ. ಕಾಮಿಕ್ಸ್ ಕಲಾವಿದರು ಗೆರೆಯ ಬಗ್ಗೆ ಏನೆಲ್ಲ ಕಲಿಯಬೇಕೋ ಅದರಲ್ಲಿ ಬಹುಪಾಲು ಈ ಕನ್ನಡಿಯ ಎದುರಿಗೇ ಇದೆ ಎಂದು ನಾನು ಹೇಳುತ್ತೇನೆ.

ಇನ್ನು ಪ್ರವೇಶ. ಬಣ್ಣದ ವೇಷಕ್ಕೆ, ಎಂದರೆ ರಾಕ್ಷಸ ಪಾತ್ರಗಳಿಗೆ, ತೆಂಕಿನಲ್ಲಿ ತೆರೆ ಪೊರಪ್ಪಾಡು ಎಂಬ ಕ್ರಮವಿದೆ. ಇಬ್ಬರು ತೆರೆಯನ್ನು ಹಿಡಿದು ನಿಲ್ಲುತ್ತಾರೆ. ಚೆಂಡೆಯ ಪೆಟ್ಟು ಏರುತ್ತಿರುವಂತೆ ತೆರೆಯ ಮೇಲ್ಭಾಗದಲ್ಲಿ ಕಿರೀಟದ ಅಂಚು, ಕೆಳಗೆ ಹೆಜ್ಜೆ, ಒಳಗಿನಿಂದ ಆರ್ಭಟೆ, ಹೀಗೆ ರಾಕ್ಷಸನು ತುಂಡುತುಂಡಾಗಿ ನಮಗೆ ತಿಳಿಯುತ್ತ ಹೋಗುತ್ತಾನೆ. ಮುಖ ಕಾಣುವ ಹೊತ್ತಿಗೆ ಅವನು ನಮ್ಮ ಮನಸ್ಸಿನಲ್ಲಿ ಆಗಲೇ ಬೆಳೆದು ನಿಂತಿರುತ್ತಾನೆ. ದೇವೀ ಮಹಾತ್ಮೆ ಪ್ರಸಂಗದ ಮಹಿಷಾಸುರನಿಗಂತೂ ರಂಗಸ್ಥಳವೇ ಸಾಲುವುದಿಲ್ಲ. ಅವನು ಪ್ರೇಕ್ಷಕರ ಹಿಂದಿನಿಂದ, ಕತ್ತಲೆಯಿಂದ, ದೊಂದಿಗಳ ನಡುವೆ ಕೋಡು ಅಲುಗಿಸುತ್ತ ಜನರ ಮಧ್ಯೆ ದಾರಿ ಮಾಡಿಕೊಂಡು ಬರುತ್ತಾನೆ. ರಾಳದ ಹುಡಿ ಎರಚಿದಾಗಲೆಲ್ಲ ಬೆಂಕಿ ಭಗ್ಗನೆ ಎದ್ದು ಆ ಮುಖ ಒಂದು ಕ್ಷಣ ಪೂರ್ತಿಯಾಗಿ ಬೆಳಗುತ್ತದೆ. ಮಕ್ಕಳು ಅಮ್ಮಂದಿರ ಸೆರಗಿನ ಹಿಂದೆ ಅಡಗುತ್ತಾರೆ, ಆದರೆ ಕಣ್ಣು ಮಾತ್ರ ಮುಚ್ಚುವುದಿಲ್ಲ.

1977ರಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಡಾರ್ತ್ ವೇಡರ್ ಮೊದಲ ಬಾರಿಗೆ ಕಾಣಿಸಿಕೊಳ್ಳುವ ದೃಶ್ಯವನ್ನು ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಬೆಳ್ಳಗಿನ ಓಣಿ, ಒಡೆದ ಬಾಗಿಲು, ತುಂಬಿದ ಹೊಗೆ, ಆ ಹೊಗೆಯನ್ನು ಸೀಳಿಕೊಂಡು ಬರುವ ಕಪ್ಪು ಆಕೃತಿ ಮತ್ತು ಅದರ ಉಸಿರಿನ ಸದ್ದು. ಅವನು ಯಾರು, ಎಲ್ಲಿಯವನು, ಏಕೆ ಹೀಗಾದ ಎಂದು ಆ ಗಳಿಗೆಯಲ್ಲಿ ಯಾರೂ ನಮಗೆ ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಡೇವಿಡ್ ಪ್ರೌಸ್ ಅವರ ದೇಹ, ಜೇಮ್ಸ್ ಅರ್ಲ್ ಜೋನ್ಸ್ ಅವರ ಕಂಠ ಸೇರಿ ಆ ಪಾತ್ರವಾಗಿದೆ. ದೇಹವೊಂದು, ದನಿಯೊಂದು ಎಂಬ ಈ ಏರ್ಪಾಡು ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟವನ್ನು ನೋಡಿದವರಿಗೆ ಚೆನ್ನಾಗಿ ಪರಿಚಯವಿರುವಂಥದ್ದು.

ಕನ್ನಡ ಸಿನಿಮಾಕ್ಕೂ ಒಂದು ಕಾಲದಲ್ಲಿ ಈ ಧೈರ್ಯ ಸಹಜವಾಗಿತ್ತು. ಡಾ. ರಾಜ್‌ಕುಮಾರ್ ಅವರು 1958ರ ಭೂಕೈಲಾಸದಲ್ಲಿ ರಾವಣನಾದರು, 1959ರ ಮಹಿಷಾಸುರ ಮರ್ದಿನಿಯಲ್ಲಿ ಮಹಿಷನಾದರು, 1983ರ ಭಕ್ತ ಪ್ರಹ್ಲಾದದಲ್ಲಿ ಹಿರಣ್ಯಕಶಿಪುವಾದರು. ನಾಡು ತಲೆಯ ಮೇಲೆ ಹೊತ್ತು ಮೆರೆಸಿದ ನಾಯಕನಟರೊಬ್ಬರು ಅಸುರನ ಪಾತ್ರದಲ್ಲಿ ಅಷ್ಟು ಪ್ರೀತಿಯಿಂದ ನಿಂತರು ಎಂಬುದು ಇಂದಿನ ನಾಯಕರ ಅಭಿಮಾನಿಗಳು ಯೋಚಿಸಬೇಕಾದ ವಿಷಯ. ಆ ಹಿರಣ್ಯಕಶಿಪುವಿನ ನಡಿಗೆಯಲ್ಲೂ ಸಂಭಾಷಣೆಯ ಏರಿಳಿತದಲ್ಲೂ ಒಡ್ಡೋಲಗದ, ಎಂದರೆ ಆಟದ ವೈಭವದ ಪ್ರವೇಶದ, ಗತ್ತು ಕಾಣುತ್ತದೆ. ದೂರದರ್ಶನದಲ್ಲಿ 1987ರಲ್ಲಿ ಆರಂಭವಾದ ರಾಮಾನಂದ ಸಾಗರ್ ಅವರ ರಾಮಾಯಣದಲ್ಲಿ ಅರವಿಂದ ತ್ರಿವೇದಿ ಅವರ ರಾವಣನಿಗೂ ಅದು ಇತ್ತು. ಹಿಂದಿ ಅಷ್ಟಾಗಿ ಬಾರದ ನಮ್ಮ ಮನೆಗಳ ಹಿರಿಯರು ಕೂಡ ಆ ದನಿಗೆ ತಲೆದೂಗುತ್ತಿದ್ದರು. 2023ರ ಆದಿಪುರುಷ್ ಬಂದಾಗ ನನಗೆ ನಿಜಕ್ಕೂ ನೋವಾಯಿತು. ಅಷ್ಟೊಂದು ತಂತ್ರಜ್ಞಾನ ಕೈಯಲ್ಲಿದ್ದೂ ಆ ರಾವಣನಿಗೆ ಒಂದು ಘನವಾದ ಪ್ರವೇಶ ದಕ್ಕಲಿಲ್ಲ. ಹತ್ತು ತಲೆಗಳನ್ನು ಗಣಕಯಂತ್ರದಲ್ಲಿ ಮೂಡಿಸುವುದಕ್ಕಿಂತ ಒಂದು ತಲೆಗೆ ತಕ್ಕ ಕಿರೀಟ ಕಟ್ಟುವುದು ಕಷ್ಟದ ಕೆಲಸ.

ಇತ್ತೀಚಿನ ವರ್ಷಗಳಲ್ಲಿ ಖಳನಿಗೆ ಘನತೆ ಕೊಡಬೇಕೆಂದರೆ ಅವನಿಗೊಂದು ದುಃಖದ ಬಾಲ್ಯ ಕೊಟ್ಟರೆ ಸಾಕು ಎಂಬ ಭಾವನೆ ಬೆಳೆದಿದೆ. ನಾನು ಇದನ್ನು ಒಪ್ಪುವುದಿಲ್ಲ. ಕರುಣೆ ಬೇರೆ, ಘನತೆ ಬೇರೆ. ಬಣ್ಣದ ವೇಷವು ನಮ್ಮಿಂದ ಕರುಣೆಯನ್ನು ಬೇಡುವುದಿಲ್ಲ. 1940ರಲ್ಲಿ ಕಾಮಿಕ್ಸ್ ಪುಟಗಳಿಗೆ ಬಂದ, ಬ್ಯಾಟ್‌ಮನ್‌ನ ಎದುರಾಳಿ ಜೋಕರ್ ಪಾತ್ರವನ್ನೇ ನೋಡಿ. 2008ರ ದಿ ಡಾರ್ಕ್ ನೈಟ್ ಸಿನಿಮಾದಲ್ಲಿ ಹೀತ್ ಲೆಡ್ಜರ್ ಅವರ ಜೋಕರ್ ಬರುವುದು ಬ್ಯಾಂಕ್ ದರೋಡೆಯ ನಡುವೆ. ಎಲ್ಲರೂ ವಿದೂಷಕರ ಮುಖವಾಡ ತೊಟ್ಟಿರುತ್ತಾರೆ, ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಉಳಿದವನು ಮುಖವಾಡ ತೆಗೆದರೆ ಕೆಳಗೆ ಮತ್ತೊಂದು ಬಣ್ಣದ ಮುಖ! ಅದು ನನ್ನ ಕಣ್ಣಿಗೆ ಅಪ್ಪಟ ತೆರೆ ಪೊರಪ್ಪಾಡು. ತನ್ನ ಬಾಯಿಯ ಗಾಯದ ಬಗ್ಗೆ ಅವನು ಒಮ್ಮೆ ತಂದೆಯ ಕತೆ ಹೇಳುತ್ತಾನೆ, ಇನ್ನೊಮ್ಮೆ ಹೆಂಡತಿಯ ಕತೆ ಹೇಳುತ್ತಾನೆ, ಒಂದಕ್ಕೊಂದು ಹೊಂದುವುದಿಲ್ಲ. ಹಿನ್ನೆಲೆಯನ್ನು ಬಿಟ್ಟುಕೊಡದೆ ಪಾತ್ರವನ್ನು ಎತ್ತರದಲ್ಲಿ ಇಡುವ ಜಾಣ್ಮೆ ಅಲ್ಲಿದೆ. 2019ರ ಜೋಕರ್ ಸಿನಿಮಾ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ವಾಕೀನ್ ಫೀನಿಕ್ಸ್ ಅವರ ಪಾತ್ರ ಕನ್ನಡಿಯ ಮುಂದೆ ಬಣ್ಣ ಹಚ್ಚಿಕೊಳ್ಳುತ್ತ ಕಣ್ಣೀರು ಸುರಿಸುವ ದೃಶ್ಯದಿಂದ, ಎಂದರೆ ಚೌಕಿಯಿಂದಲೇ, ಆ ಸಿನಿಮಾ ತೆರೆದುಕೊಳ್ಳುತ್ತದೆ. ನಟನೆಯ ಬಗ್ಗೆ ಎರಡು ಮಾತಿಲ್ಲ, ಆಸ್ಕರ್ ಬಂದಿದ್ದು ಸರಿಯಾಗಿಯೇ ಬಂದಿದೆ. ಆದರೂ ಆ ಇಡೀ ಸಿನಿಮಾದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಯಾವುದು? ಕೆಂಪು ಕೋಟು ತೊಟ್ಟು ಮೆಟ್ಟಿಲುಗಳ ಮೇಲಿನಿಂದ ಕುಣಿಯುತ್ತ ಇಳಿದು ಬರುವ ದೃಶ್ಯ. ಅಲ್ಲಿ ವಿವರಣೆ ಇಲ್ಲ, ಹೆಜ್ಜೆ ಇದೆ.

ಪ್ರವೇಶದ ಜೊತೆಗೆ ಖಳನಿಗೆ ಸಲ್ಲಬೇಕಾದ ಇನ್ನೊಂದು ಹಕ್ಕು ಮಾತಿನದು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕೆ ಬಿದ್ದ ವಾಲಿ ಪ್ರಶ್ನಿಸುವ ಸಂದರ್ಭವನ್ನು ಯಕ್ಷಗಾನದ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದಲ್ಲಿ, ಎಂದರೆ ಪಾತ್ರವಾಗಿ ಆಡುವ ಮಾತಿನಲ್ಲಿ, ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅವರ ವಾಲಿ, ಅವರ ರಾವಣ, ಅವರ ಮಾಗಧ (ಜರಾಸಂಧ) ತಮ್ಮ ಪಕ್ಷವನ್ನು ತರ್ಕದಿಂದ ಮಂಡಿಸುತ್ತಿದ್ದರು. ಸೋಲುವುದು ಖಚಿತವಾಗಿದ್ದರೂ ಮಾತಿನಲ್ಲಿ ತಲೆ ತಗ್ಗಿಸುತ್ತಿರಲಿಲ್ಲ. ಎದುರಾಳಿ ಅಷ್ಟು ಬಲವಾಗಿ ವಾದಿಸಿದ್ದರಿಂದಲೇ ರಾಮನ ಅರ್ಥಧಾರಿಯೂ ತನ್ನ ಉತ್ತರವನ್ನು ಹುಡುಕಿ ತರಬೇಕಾಗುತ್ತಿತ್ತು. 2024ರಲ್ಲಿ ಪೂರ್ತಿ ಕಪ್ಪುಬಿಳುಪಿನಲ್ಲಿ ಬಂದ ಮಲಯಾಳದ ಭ್ರಮಯುಗಂ ನನಗೆ ಬಹಳ ಇಷ್ಟವಾಗಲು ಕಾರಣವೂ ಇದೇ. ಮಮ್ಮುಟ್ಟಿ ಅವರ ಕೊಡುಮಣ್ ಪೋಟ್ಟಿ ಹೆಚ್ಚಿನ ಹೊತ್ತು ಕುಳಿತಲ್ಲೇ ಕುಳಿತು, ಬರೀ ಮಾತು ಮತ್ತು ನಗೆಯಿಂದ ಆ ಮನೆಯನ್ನು ಆಳುತ್ತಾನೆ.

ಕಾಮಿಕ್ಸ್ ಸೋತಿರುವುದು ಇಲ್ಲಿಯೇ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಗೆ ನಾನು ಋಣಿ. ಪುರಾಣದ ಎಷ್ಟೋ ಹೆಸರುಗಳು ನಮ್ಮ ತಲೆಮಾರಿಗೆ ದಕ್ಕಿದ್ದು ಆ ಪುಸ್ತಕಗಳಿಂದ. ಆದರೆ 32 ಪುಟಗಳಲ್ಲಿ ಹುಟ್ಟಿನಿಂದ ವಧೆಯವರೆಗೆ ಎಲ್ಲವನ್ನೂ ಮುಗಿಸಬೇಕಾದಾಗ ಅಸುರನಿಗೆ ಉಳಿಯುವುದು ಒಂದು ಚಿಕ್ಕ ಚೌಕ, ಅದರಲ್ಲಿ ದಪ್ಪ ಮೀಸೆ, ಕಪ್ಪು ಮೈ, ಮತ್ತು ಹಹ್ಹಹ್ಹಾ ಎಂಬ ಒಂದು ಮಾತಿನ ಗುಳ್ಳೆ. ಇಷ್ಟರಲ್ಲಿ ಅವನು ಹೆದರಿಸುವುದೂ ಇಲ್ಲ, ವಾದಿಸುವುದೂ ಇಲ್ಲ. ಈಗ ಆಟಗಳೂ ಕಾಲಮಿತಿಗೆ ಬರುತ್ತಿರುವಾಗ ಒಡ್ಡೋಲಗಗಳು ಮೊಟಕಾಗುತ್ತಿವೆ. ಆ ವಿಸ್ತಾರವನ್ನು ಕಾಗದದ ಮೇಲಾದರೂ ಉಳಿಸಿಕೊಳ್ಳಬೇಕು ಎಂಬ ಆಸೆ ನನಗಿದೆ.

ಹಾಗಾಗಿ ಚಿತ್ರ ಬರೆಯುವ ನಮ್ಮೂರಿನ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇದು. ಮಹಿಷಾಸುರನ ಪ್ರವೇಶವನ್ನು ಕಾಮಿಕ್ಸ್‌ನಲ್ಲಿ ಬರೆಯಿರಿ, ಅದಕ್ಕೆಂದೇ ನಾಲ್ಕು ಪುಟ ಕೊಡಿ. ಮೊದಲ ಪುಟದಲ್ಲಿ ಪ್ರೇಕ್ಷಕರ ಬೆನ್ನುಗಳು ಮಾತ್ರ ಇರಲಿ, ಮೂಲೆಯ ಕತ್ತಲೆಯಲ್ಲಿ ದೊಂದಿಯ ಒಂದು ಚುಕ್ಕೆ. ಎರಡನೆಯದರಲ್ಲಿ ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಲಿ, ಅವುಗಳ ಮೇಲೆ ಕೋಡುಗಳ ನೆರಳು ಬೀಳಲಿ. ಆಮೇಲೆ ಪುಟ ಮಗುಚಿದ ಕೂಡಲೇ ಎರಡೂ ಪುಟಗಳಿಗೆ ಹರಡಿಕೊಂಡ ಒಂದೇ ಚಿತ್ರ ಬರಲಿ: ರಾಳದ ಬೆಂಕಿ, ಅದರ ಬೆಳಕಿನಲ್ಲಿ ಸಾಲುಸಾಲು ಚುಟ್ಟಿ ಎದ್ದ ಮುಖ. ಆ ಪುಟಗಳಲ್ಲಿ ನಗೆಯ ಗುಳ್ಳೆ ಬೇಡ. ಮಾತಿಗಾಗಿ ಮುಂದಿನ ಪುಟವನ್ನು ಪೂರ್ತಿ ಅವನಿಗೇ ಬಿಡಿ, ದೇವಿಯ ಉತ್ತರ ಅದರ ನಂತರದ ಪುಟದಲ್ಲಿ ಬರಲಿ. ಬರೆದವರು ನನಗೆ ಕಳುಹಿಸಿದರೆ ಮುಂದಿನ ವ್ಲಾಗ್‌ನಲ್ಲಿ ನಿಮ್ಮ ಹೆಸರಿನೊಂದಿಗೆ ಪುಟಪುಟವಾಗಿ ತೋರಿಸುತ್ತೇನೆ.