ಸೊಂಟದಲ್ಲಿ ಕಾಣುವ ಪಿಸ್ತೂಲು: ಹೆದರಬೇಕಾ, ನೆಮ್ಮದಿಯಾಗಿರಬೇಕಾ?

ನಮಸ್ಕಾರ. ಅಮೆರಿಕದ ಡಲ್ಲಾಸ್‌ನಲ್ಲಿರುವ ವೀಕ್ಷಕಿಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದರಂತೆ. ಪಕ್ಕದಲ್ಲಿ ಟೊಮೆಟೊ ಒತ್ತಿ ನೋಡುತ್ತಿದ್ದವನ ಸೊಂಟದಲ್ಲಿ ಪಿಸ್ತೂಲು. ಅಂಗಿಯ ಒಳಗಲ್ಲ, ಎಲ್ಲರಿಗೂ ಕಾಣುವ ಹಾಗೆ. ಇವರ ಕೈ ಹಿಡಿದು ಮಗಳು ನಿಂತಿದ್ದಾಳೆ. "ನಾನು ಹೆದರಬೇಕಾ? ಇಲ್ಲ, ಕಳ್ಳಕಾಕರು ಹತ್ತಿರ ಬರಲ್ಲ ಅಂತ ನೆಮ್ಮದಿಯಾಗಿರಬೇಕಾ?"

ಒಂದು ವಾರದಿಂದ ಈ ಪ್ರಶ್ನೆ ತಲೆಯಲ್ಲೇ ಕೂತಿದೆ.

ಕಾನೂನು ಬೇಗ ಹೇಳಿಬಿಡುತ್ತೇನೆ. ಬಂದೂಕು ಇಟ್ಟುಕೊಳ್ಳುವ ಹಕ್ಕು ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಬೀದಿಯಲ್ಲಿ ಹೇಗೆ ಒಯ್ಯಬೇಕು ಅನ್ನುವ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ 1871ರಲ್ಲೇ ಪಿಸ್ತೂಲು ಇಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿತ್ತು. ಹೌದು, ಕೌಬಾಯ್‌ಗಳ ಕಾಲದಲ್ಲೇ! 2016ರ ಜನವರಿ 1ರಿಂದ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿ, ಅಂದರೆ ಮೈಗೆ ಕಟ್ಟಿಕೊಳ್ಳುವ ಪಿಸ್ತೂಲಿನ ಚೀಲದಲ್ಲಿ, ಕಾಣುವಂತೆ ಇಟ್ಟುಕೊಳ್ಳಬಹುದು ಅಂತಾಯಿತು. 2021ರ ಸೆಪ್ಟೆಂಬರ್ 1ರಿಂದ ಬಹುತೇಕ ವಯಸ್ಕರಿಗೆ ಆ ಲೈಸೆನ್ಸೂ ಬೇಡ.

ಹೀಗೆ ತೋರಿಸಿಕೊಂಡು ಓಡಾಡುವವರ ವಾದ ಏನು? ನನಗೆ ಅದು ಅರ್ಥವಾಗಿದ್ದು ನಮ್ಮ ಗೇಟುಗಳನ್ನು ನೆನೆಸಿಕೊಂಡಾಗ.

(ಪರದೆಯ ಮೇಲೆ: ಗೇಟಿಗೆ ತಂತಿಯಲ್ಲಿ ಕಟ್ಟಿದ "ನಾಯಿ ಇದೆ ಎಚ್ಚರಿಕೆ" ಬೋರ್ಡ್)

ಈ ಬೋರ್ಡ್ ನೋಡಿದ ಕಳ್ಳ ಮುಂದಿನ ಮನೆಗೆ ಹೋಗುತ್ತಾನೆ. ನಾಯಿ ಕಚ್ಚುವುದೇ ಬೇಡ, ಬೋರ್ಡೇ ಕೆಲಸ ಮುಗಿಸುತ್ತದೆ. ಕಾಣುವ ಪಿಸ್ತೂಲೂ ಹಾಗೇ ಅನ್ನುತ್ತಾರೆ ಅವರು. ಇದನ್ನು ಸುಮ್ನೆ ತಳ್ಳಿಹಾಕಲು ಆಗಲ್ಲ. ಪೊಲೀಸರು ಬರಲು ಅರ್ಧ ಗಂಟೆ ಹಿಡಿಯುವ ಹಳ್ಳಿಯಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಅದು ಧೈರ್ಯ ಕೊಡುತ್ತದೆ.

ಆದರೆ ಗೇಟಿನ ಬೋರ್ಡ್ ಗೇಟಿನಲ್ಲೇ ಇರುತ್ತದೆ. ನಾಯಿಯೂ ಕಾಂಪೌಂಡ್ ಒಳಗೇ ಇರುತ್ತದೆ. ಇಲ್ಲಿ ನಾಯಿ ಸಂತೆಗೆ ಬಂದಿದೆ. ಸಂತೆಯಲ್ಲಿ ನಾಯಿ ಎದುರಾದರೆ ನಾವು ಮೊದಲು ಕೇಳುವುದು ಏನು? "ಯಾರ ನಾಯಿ ಇದು? ಕಚ್ಚುತ್ತಾ?" ಅಲ್ವಾ? ಬಂದೂಕು ಕಂಡಾಗಲೂ ಪ್ರಶ್ನೆ ಅದೇ. ನನ್ನ ತಕರಾರು ಇರುವುದೂ ಇಲ್ಲೇ: ಆ ಪ್ರಶ್ನೆಗೆ ಉತ್ತರ ಪಿಸ್ತೂಲಿನ ಮೇಲೆ ಬರೆದಿರುವುದಿಲ್ಲ.

2015ರ ಅಕ್ಟೋಬರ್ 31, ಕೊಲೊರಾಡೊ ರಾಜ್ಯದ ಕೊಲೊರಾಡೊ ಸ್ಪ್ರಿಂಗ್ಸ್ ನಗರ. ಶನಿವಾರ ಬೆಳಿಗ್ಗೆ. ಮನೆಯ ಹೊರಗೆ ಒಬ್ಬ ರೈಫಲ್ ಹಿಡಿದು ನಡೆಯುತ್ತಿರುವುದನ್ನು ಒಬ್ಬ ಮಹಿಳೆ ನೋಡಿದರು. ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಉತ್ತರದಲ್ಲಿ ಒಂದು ಮಾತಿತ್ತು: ಈ ರಾಜ್ಯದಲ್ಲಿ ಬಂದೂಕನ್ನು ಕಾಣುವಂತೆ ಒಯ್ಯಬಹುದು. ಸ್ವಲ್ಪ ಹೊತ್ತಿಗೆ ಅದೇ ಮಹಿಳೆ ಮತ್ತೆ ಫೋನ್ ಮಾಡಿದರು. ಅಷ್ಟರಲ್ಲಿ ಅವನು ಗುಂಡು ಹಾರಿಸಿದ್ದ. ಸೈಕಲ್‌ನಲ್ಲಿ ಹೋಗುತ್ತಿದ್ದವನೊಬ್ಬ, ಆಮೇಲೆ ಇಬ್ಬರು ಹೆಂಗಸರು, ಒಟ್ಟು ಮೂರು ಜನ ಸತ್ತರು. ಕೊನೆಗೆ ಪೊಲೀಸರ ಗುಂಡಿಗೆ ಅವನೂ ಸತ್ತ.

ಫೋನ್ ಎತ್ತಿದವರು ಹೇಳಿದ್ದರಲ್ಲಿ ತಪ್ಪಿಲ್ಲ, ಕಾನೂನು ಇದ್ದದ್ದೇ ಹಾಗೆ. ನನ್ನನ್ನು ಕಾಡುವುದೂ ಅದೇ. ಮೊದಲ ಗುಂಡು ಹಾರುವ ತನಕ ಕೊಲೆಗಾರನೂ ಕಾನೂನು ಪಾಲಿಸುವವನೂ ನೋಡಲು ಒಂದೇ. ಆ ಮಹಿಳೆಯ ಕಣ್ಣು ಸರಿಯಾಗಿಯೇ ನೋಡಿತ್ತು. ಅವರ ಭಯ ನಿಜವಾಗಿತ್ತು. ಆದರೂ ಅದಕ್ಕೆ ಬೆಲೆ ಇರಲಿಲ್ಲ.

ಈಗ ಡಲ್ಲಾಸ್. 2016ರ ಜುಲೈ 7. ಪೊಲೀಸರ ಗುಂಡಿಗೆ ಕಪ್ಪು ಜನಾಂಗದವರು ಬಲಿಯಾಗಿದ್ದನ್ನು ವಿರೋಧಿಸಿ ಮೆರವಣಿಗೆ ನಡೆಯುತ್ತಿತ್ತು. ಮೆರವಣಿಗೆಗೆ ಬಂದವರಲ್ಲಿ ಇಪ್ಪತ್ತು ಮೂವತ್ತು ಜನ ರೈಫಲ್ ಹಾಕಿಕೊಂಡಿದ್ದರು ಅಂತ ಆಗಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಹೇಳಿದ್ದರು. ಎಲ್ಲ ಕಾನೂನು ಪ್ರಕಾರವೇ. ಆಗ ಪೊಲೀಸರ ಮೇಲೆ ಒಬ್ಬ ಗುಂಡು ಹಾರಿಸತೊಡಗಿದ. ಐದು ಪೊಲೀಸರು ಸತ್ತರು. ಜನ ದಿಕ್ಕಾಪಾಲಾಗಿ ಓಡಿದರು, ಓಡುವವರಲ್ಲಿ ಹಲವರ ಹೆಗಲಲ್ಲಿ ರೈಫಲ್. ಯಾರು ಹೊಡೆಯುತ್ತಿದ್ದಾನೆ, ಯಾರು ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಗೊತ್ತಾಗುವುದು ಹೇಗೆ? ಮೆರವಣಿಗೆಯಲ್ಲಿದ್ದ ಒಬ್ಬನ ಫೋಟೋವನ್ನು ಪೊಲೀಸರೇ ಶಂಕಿತ ಅಂತ ಟ್ವಿಟರ್‌ನಲ್ಲಿ ಹಾಕಿಬಿಟ್ಟರು. ಅವನು ನಿರಪರಾಧಿ. ಗದ್ದಲ ಶುರುವಾಗುತ್ತಿದ್ದಂತೆ ತನ್ನ ರೈಫಲ್ಲನ್ನು ತಾನೇ ಒಬ್ಬ ಪೊಲೀಸರ ಕೈಗೆ ಕೊಟ್ಟಿದ್ದ. ಆ ವಿಡಿಯೋ ಕೂಡ ಇದೆ. ಇದನ್ನು ಇನ್ನೊಮ್ಮೆ ಯೋಚಿಸಿ. ರಕ್ಷಣೆಗೆ ಅಂತ ತಂದ ಬಂದೂಕು, ರಕ್ಷಣೆ ಬೇಕಾದ ಹೊತ್ತಿನಲ್ಲಿ ಅವನ ಜೀವಕ್ಕೇ ಕುತ್ತು. ಅವನು ಉಳಿದದ್ದು ಅದನ್ನು ಬಿಟ್ಟುಕೊಟ್ಟಿದ್ದರಿಂದ.

ಅಂದಹಾಗೆ, ಬಂದೂಕು ಇಟ್ಟುಕೊಂಡವರಲ್ಲೂ ಎಲ್ಲರೂ ತೋರಿಸಿಕೊಂಡು ಓಡಾಡುವುದನ್ನು ಒಪ್ಪುವುದಿಲ್ಲ. ಕಾಣುವ ಬಂದೂಕು ಇದ್ದವನೇ ದಾಳಿಕೋರನ ಮೊದಲ ಗುರಿ, ಜೊತೆಗೆ ಕಿತ್ತುಕೊಳ್ಳುವ ಭಯ ಬೇರೆ, ಅಂತ ಅವರ ವಾದ.

ಸಮಯ ಕಮ್ಮಿ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ.

ಯಾರ ಕೈಯಲ್ಲಿ ಬಂದೂಕು ಅನ್ನುವುದರ ಮೇಲೆ ಭಯವೂ ಬದಲಾಗುತ್ತದೆ. 1967ರ ಮೇ 2ರಂದು ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಯ ಕಟ್ಟಡಕ್ಕೆ ಬಂದರು. ಗುಂಡು ತುಂಬಿದ ಬಂದೂಕನ್ನು ಬೀದಿಯಲ್ಲಿ ಒಯ್ಯುವುದನ್ನು ತಡೆಯುವ ಮಸೂದೆಯನ್ನು ವಿರೋಧಿಸಲು. ಅದೇ ವರ್ಷ ಗವರ್ನರ್ ರೊನಾಲ್ಡ್ ರೇಗನ್ ಆ ಮಸೂದೆಗೆ ಸಹಿ ಹಾಕಿದರು.

ನಮ್ಮಲ್ಲಿ? 2016ರ ನಿಯಮದ ಪ್ರಕಾರ ಲೈಸೆನ್ಸ್ ಇದ್ದರೂ ಸಾರ್ವಜನಿಕ ಜಾಗದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು. ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ ಇಡುವುದು ಮಲೆನಾಡಿನವರಿಗೆಲ್ಲ ಗೊತ್ತು. ಜೋಡಿ ನಳಿಗೆ ಕೋವಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟು, ರಸೀದಿ ಜೇಬಿಗೆ ಹಾಕಿಕೊಂಡು ವಾಪಸ್ ಬರುತ್ತಾರೆ. ಕೊಡಗಿನ ಮಾತು ಬೇರೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗಿರುವ ಅವಧಿ 2029ರ ಅಕ್ಟೋಬರ್ 31ರ ತನಕ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂವು, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಲ್ಲಿ ಕೋವಿ ಹಿಡಿದವನು ಯಾವ ಒಕ್ಕದವನು, ಅಂದರೆ ಯಾವ ಮನೆತನದವನು, ಅಂತ ಪಕ್ಕದವರಿಗೆ ಗೊತ್ತು. "ಯಾರ ನಾಯಿ" ಅನ್ನುವ ಪ್ರಶ್ನೆಗೆ ಉತ್ತರ ಊರಲ್ಲೇ ಇದೆ. ಡಲ್ಲಾಸ್‌ನ ಅಂಗಡಿಯಲ್ಲಿ ಆ ಉತ್ತರ ಯಾರ ಹತ್ತಿರವೂ ಇಲ್ಲ.

ಅದಕ್ಕೇ ಅಕ್ಕಾ, ನಿಮ್ಮ ಭಯ ಸರಿಯಾದದ್ದೇ. ಅವನು ಒಳ್ಳೆಯವನೇ ಇರಬಹುದು, ಆದರೆ ಅದನ್ನು ಕಂಡುಹಿಡಿಯುವ ಹೊಣೆ ಕೊತ್ತಂಬರಿ ಆರಿಸುವವರ ಮೇಲೆ ಬೀಳಬಾರದು.

ಇನ್ನು ನಿಮ್ಮ ಕೈಲಾಗುವ ಒಂದು ಕೆಲಸ. ನಿಮ್ಮ ರಾಜ್ಯದಲ್ಲಿ ಅಂಗಡಿಯವರು ಬಾಗಿಲಿಗೆ ಒಂದು ಬೋರ್ಡ್ ಹಾಕಬಹುದು. 30.07 ಅಂತ ಅದರ ಸಂಖ್ಯೆ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದು ಅಂಗುಲ ಎತ್ತರ. ಆ ಬೋರ್ಡ್ ಇದ್ದ ಕಡೆ ಲೈಸೆನ್ಸ್ ಇದ್ದವರು ಪಿಸ್ತೂಲು ತೋರಿಸಿಕೊಂಡು ಒಳಗೆ ಬರುವಂತಿಲ್ಲ. ಲೈಸೆನ್ಸ್ ಇಲ್ಲದವರನ್ನು ತಡೆಯಲು 30.05 ಅನ್ನುವ ಬೇರೆ ಬೋರ್ಡ್ ಇದೆ. ಮುಂದಿನ ಸಲ ಸೊಪ್ಪು ತರಲು ಹೋದಾಗ ಬಾಗಿಲು ನೋಡಿ. ಇಲ್ಲದಿದ್ದರೆ ಮಾಲೀಕರನ್ನು ಕೇಳಿ. ಅವರು ಏನು ಅಂದರು ಅಂತ ನನಗೆ ಬರೆಯಿರಿ.