ಪರಾತದ ಮೇಲೊಂದು ಕರಿ ಬಟ್ಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಂಧನೂರು, ಗಂಗಾವತಿ ಕಡೆಯವರಿಗೆ ಸವಳು ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಕಾಲುವೆ ಬಂತು, ಭತ್ತ ಬಂತು, ಹಿಂದೆಯೇ ತಗ್ಗಿನ ಹೊಲಗಳಲ್ಲಿ ಉಪ್ಪಿನ ಬಿಳಿ ಪುಡಿಯೂ ಬಂತು. ಎಷ್ಟೋ ಊರುಗಳಲ್ಲಿ ಬೋರಿನ ನೀರು ಬಾಯಿಗಿಡುವ ಹಾಗಿಲ್ಲ, ಬೇಳೆ ಹಾಕಿದರೆ ಬೇಯುವುದಿಲ್ಲ. ಅದಕ್ಕೇ ಆರ್‌ಒ ಘಟಕದ ಮುಂದೆ, ಅಂದರೆ ಪಂಪಿನ ಒತ್ತಡದಿಂದ ನೀರನ್ನು ಪೊರೆಯಲ್ಲಿ ಹಾಯಿಸಿ ಉಪ್ಪು ಸೋಸುವ ಕಡೆ, ಕ್ಯಾನ್ ಹಿಡಿದು ನಿಲ್ಲುತ್ತೇವೆ. ಘಟಕದ ಹಿಂದೆ ಯಾವತ್ತಾದರೂ ಹೋಗಿ ನೋಡಿದ್ದೀರಾ? ಅಲ್ಲೊಂದು ಪೈಪು ಇರುತ್ತದೆ. ಸೋಸಿ ಉಳಿದ ಉಪ್ಪೆಲ್ಲ ಅದರೊಳಗಿಂದ ಸೀದಾ ಚರಂಡಿಗೆ.

ಆ ನೀರನ್ನೇ ಮತ್ತೆ ಸೋಸಬಹುದಲ್ವಾ? ಸ್ವಲ್ಪ ದೂರದವರೆಗೆ ಆಗುತ್ತದೆ. ಉಪ್ಪು ಹೆಚ್ಚಿದಷ್ಟೂ ಪಂಪಿನ ಒತ್ತಡವೂ ಹೆಚ್ಚಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅದರ ಎರಡರಷ್ಟಾದರೆ ಸಾಮಾನ್ಯ ಆರ್‌ಒ ಕೈಚೆಲ್ಲುತ್ತದೆ. ಅಲ್ಲಿಂದ ಮುಂದಿನ ಕೆಲಸ ಬಿಸಿಲಿನದು. ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ.

ಬಿಸಿಲಿನಿಂದ ನೀರು ಬಟ್ಟಿ ಇಳಿಸುವುದು ಹಳೇ ವಿದ್ಯೆ. 1872ರಲ್ಲೇ ಚಿಲಿ ದೇಶದ ಗಣಿಯೊಂದರಲ್ಲಿ ಗಾಜಿನ ಮಾಡು ಹಾಕಿ ದಿನಕ್ಕೆ 20 ಸಾವಿರ ಲೀಟರಿಗೂ ಜಾಸ್ತಿ ಸಿಹಿನೀರು ಇಳಿಸುತ್ತಿದ್ದರು. ಆದರೆ ಅಲ್ಲಿ ತೊಟ್ಟಿಯ ನೀರೆಲ್ಲ ಕಾಯಬೇಕು. ಈಗಿನವರ ಉಪಾಯ ಬೇರೆ: ಮೇಲಿನ ತೆಳು ಪದರ ಮಾತ್ರ ಕಾದರೆ ಸಾಕು. ಬಿಸಿಲು ಹೀರುವ ಕರಿ ವಸ್ತುವೊಂದು ತೇಲಬೇಕು, ದೀಪದ ಬತ್ತಿಯ ಹಾಗೆ ನೀರನ್ನು ಮೇಲಕ್ಕೆಳೆಯಬೇಕು. 2014ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಗ್ರಾಫೈಟ್ ಪದರದಿಂದ ಇದನ್ನು ಮಾಡಿ ತೋರಿಸಿದರು. ಸುಟ್ಟು ಕರಿ ಮಾಡಿದ ಮರದ ಬಿಲ್ಲೆಯಿಂದಲೂ ಆಗುತ್ತದೆ.

ನಾನೂ ಮಾಳಿಗೆ ಮೇಲೆ ಹೂಡಿದೆ. ಪರಾತದಲ್ಲಿ ಉಪ್ಪು ನೀರು, ಅದರಲ್ಲಿ ತೇಲುವ ಥರ್ಮಾಕೋಲ್, ಮೇಲೆ ಕರಿ ಹತ್ತಿ ಬಟ್ಟೆ, ಅದರ ಅಂಚುಗಳು ನೀರಿನೊಳಗೆ. ಮೇಲೆ ಓರೆಯಾಗಿ ಗಾಜು. "ಹಪ್ಪಳ ಒಣಹಾಕೋ ಜಾಗಾನೇ ಬೇಕಿತ್ತಾ ನಿಮಗೆ?" ಅಂದರು ಮನೆಯವರು. ಮಧ್ಯಾಹ್ನಕ್ಕೆ ಗಾಜಿನ ಒಳಗೆ ಹನಿ ಸಾಲುಗಟ್ಟಿ ಇಳಿಯತೊಡಗಿತು. ನಾನು ಬೀಗಿದ್ದೇ ಬೀಗಿದ್ದು. ಮರುದಿನ ನೋಡಿದರೆ ಬಟ್ಟೆ ಹಪ್ಪಳದ ಹಾಗೆ ಸೆಟೆದು ಬೆಳ್ಳಗಾಗಿದೆ. ಕರಿ ಹೋದ ಮೇಲೆ ಬಿಸಿಲು ಹೀರುವುದೆಲ್ಲಿ? ಹನಿ ನಿಂತೇಹೋಯಿತು.

ಪ್ರಯೋಗಾಲಯದವರೂ ಎಡವಿದ್ದು ಇಲ್ಲೇ. ನೀರು ಆವಿಯಾಗುವುದು ದೊಡ್ಡದಲ್ಲ, ಹಿಂದೆ ಉಳಿದ ಉಪ್ಪನ್ನು ಕೆಳಕ್ಕೆ ಕಳಿಸುವುದೇ ದೊಡ್ಡದು. 2022ರಲ್ಲಿ ಎಂಐಟಿಯದೇ ತಂಡ ತೇಲುವ ಪದರಕ್ಕೆ ಎರಡೂವರೆ ಮಿಲಿಮೀಟರಿನ ತೂತು ಕೊರೆಯಿತು. ಉಪ್ಪು ಜಾಸ್ತಿಯಾದ ನೀರು ಭಾರ, ತೂತಿನಲ್ಲಿ ತಾನೇ ಕೆಳಗಿಳಿಯುತ್ತದೆ. ಕೆಳಗಿನ ಹಗುರ ನೀರು ಮೇಲೇರುತ್ತದೆ. ಶೇಕಡಾ 20ರಷ್ಟು ಉಪ್ಪಿದ್ದ ನೀರಿಗೂ ಇದು ನಡೆಯಿತು.

ಇದರಿಂದ ಗದ್ದೆಗೆ ನೀರು ಬಿಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಲೀಟರ್ ನೀರು ಆವಿಯಾಗಲು ಒಂದು ಯೂನಿಟ್ ಕರೆಂಟಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಬೇಕು. ನೆತ್ತಿ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಗಂಟೆಗೆ ಸಿಗುವುದು ಒಂದೇ ಯೂನಿಟ್. ಆವಿಯ ಶಾಖವನ್ನು ಮತ್ತೆ ಬಳಸದಿದ್ದರೆ ಗಂಟೆಗೆ ಒಂದೂವರೆ ಲೀಟರಿನ ಮೇಲೆ ಹುಟ್ಟುವುದಿಲ್ಲ. ಮನೆಮಂದಿ ಕುಡಿಯಲು ಸಾಕು, ಅಷ್ಟೇ.

ಮೊನ್ನೆ ನಾನೂ ಥರ್ಮಾಕೋಲಿಗೆ ಛತ್ರಿ ಕಡ್ಡಿಯಿಂದ ತೂತು ಹಾಕಿದೆ. ಸಂಜೆ ಗಾಜು ಎತ್ತಿ ನೋಡಿದರೆ ಬಟ್ಟೆ ಕರ್ರಗೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಬಿಳಿ ಗೆರೆ. ಅಲ್ಲಿ ತೂತು ಹಾಕುವುದು ಮರೆತಿತ್ತು.

ನಮಸ್ಕಾರ.